25 ವರ್ಷದ ವಾರಂಟಿ: ಬರೆದಿರುವುದೇನು, ಬಿಟ್ಟಿರುವುದೇನು?

ಕಾಸರಗೋಡಿನ ನಮ್ಮ ಮನೆಗಳ ತಾರಸಿಯ ಮೇಲೆ ಈಗ ಸೋಲಾರ್ ಪ್ಯಾನೆಲುಗಳು ಅಪರೂಪವಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ‘ಸೂರ್ಯ ಘರ್’ ಯೋಜನೆಯಡಿ 3 ಕಿಲೋವಾಟಿನ ಘಟಕಕ್ಕೆ 78,000 ರೂಪಾಯಿ ಸಬ್ಸಿಡಿ ಘೋಷಿಸಿದ ಮೇಲಂತೂ ವಿಚಾರಿಸುವವರು ಹೆಚ್ಚಿದರು. ಸಬ್ಸಿಡಿ ಕಳೆದರೂ ಉಳಿಯುವ ಖರ್ಚು ಸಣ್ಣದಲ್ಲ. ಅಡಿಕೆ ಮಾರಿದ ಹಣ, ಮಕ್ಕಳು ಗಲ್ಫಿನಿಂದ ಕಳುಹಿಸಿದ ಹಣ, ಸಾಲದೆ ಬಂದರೆ ಬ್ಯಾಂಕಿನ ಸಾಲ. ಆಗ ನಮಗೆ ಧೈರ್ಯ ಕೊಡುವುದು ಮಾರುವವರ ಒಂದೇ ಮಾತು: “25 ವರ್ಷ ವಾರಂಟಿ ಉಂಟು.” ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ.

ವಾರಂಟಿ ಒಂದಲ್ಲ

ಪ್ಯಾನೆಲಿಗೆ ಎರಡು ಬಗೆಯ ವಾರಂಟಿ ಇರುತ್ತದೆ. ತಯಾರಿಕೆಯ ದೋಷಕ್ಕೆ ಕೊಡುವುದು ಸಾಮಾನ್ಯವಾಗಿ 10-12 ವರ್ಷ. ಕೆಲವು ಕಂಪೆನಿಗಳು ಇನ್ನೂ ಹೆಚ್ಚು ಕೊಡುತ್ತವೆ. 25 ವರ್ಷವೆಂಬುದು ವಿದ್ಯುತ್ ಉತ್ಪಾದನೆಯ ಸಾಮರ್ಥ್ಯಕ್ಕೆ. 10 ವರ್ಷದ ಕೊನೆಗೆ ಶೇ. 90, 25 ವರ್ಷದ ಕೊನೆಗೆ ಶೇ. 80ರಷ್ಟು ಸಾಮರ್ಥ್ಯ ಉಳಿದಿರುತ್ತದೆ ಎಂಬುದು ಸಾಮಾನ್ಯ ಭರವಸೆ. ಇನ್ವರ್ಟರಿನ ವಾರಂಟಿ ಬೇರೆಯೇ, ಅವಧಿಯೂ ಕಡಿಮೆ.

ಈ ಸಾಮರ್ಥ್ಯವನ್ನು ಅಳೆಯುವುದು ಪ್ರಯೋಗಾಲಯದಲ್ಲಿ, ಪ್ಯಾನೆಲಿನ ಉಷ್ಣತೆ 25 ಡಿಗ್ರಿ ಇರುವಾಗ. ನಮ್ಮ ಏಪ್ರಿಲ್ ಬಿಸಿಲಿಗೆ ಪ್ಯಾನೆಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಏರುವ ಒಂದೊಂದು ಡಿಗ್ರಿಗೂ ಉತ್ಪಾದನೆ ಸುಮಾರು ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಹಾಗಾಗಿ ಕರೆಂಟು ಕಡಿಮೆಯಾದ ಮಾತ್ರಕ್ಕೆ ಪ್ಯಾನೆಲು ಕೆಟ್ಟಿದೆ ಎಂದಾಗುವುದಿಲ್ಲ. ಮರದ ನೆರಳಿನಿಂದಾದ ಕೊರತೆಗೂ ಪರಿಹಾರವಿಲ್ಲ.

ಯಾವುದಕ್ಕೆ ವಾರಂಟಿ ಇಲ್ಲ?

ಸಿಡಿಲು, ಬಿರುಗಾಳಿ, ನೆರೆ ಇವು ವಾರಂಟಿಯ ಹೊರಗೆ. ಕರಾರಿನಲ್ಲಿ ಇದನ್ನು ‘ಆಕ್ಟ್ ಆಫ್ ಗಾಡ್’ ಎಂದು ಬರೆದಿರುವುದುಂಟು. ದೇವರ ಹೆಸರಿದೆಯೆಂದು ನಂಬಿ ಮುಂದೆ ಹೋಗದೆ ಆ ಸಾಲನ್ನು ಎರಡು ಸಲ ಓದೋಣ. ಅಕ್ಟೋಬರ್-ನವೆಂಬರಿನ ನಮ್ಮ ಸಂಜೆಯ ಗುಡುಗು-ಸಿಡಿಲು ಎಲ್ಲರಿಗೂ ಗೊತ್ತು.

ತೆಂಗಿನಕಾಯಿ ಬಿದ್ದು ಗಾಜು ಒಡೆದರೆ, ಮಂಗಗಳು ವಯರು ಕಿತ್ತರೆ ಅದೂ ಹೊರಗೆ. ಸಮುದ್ರದ ಬದಿಯ ಮನೆಗಳಲ್ಲಿ ಉಪ್ಪುಗಾಳಿಯ ತುಕ್ಕಿಗೆ ಕೆಲವು ಕಂಪೆನಿಗಳು ಹೊಣೆಯಾಗುವುದಿಲ್ಲ. ಪ್ಯಾನೆಲು ಉಪ್ಪುಗಾಳಿಯ ಪರೀಕ್ಷೆಯಲ್ಲಿ (ಐಇಸಿ 61701) ಪಾಸಾಗಿದೆಯೇ ಎಂದು ಮೊದಲೇ ಕೇಳಬೇಕು. ಪಕ್ಕದ ಅಡಿಕೆ ತೋಟದಲ್ಲಿ ಬಿಡುವ ಮೈಲುತುತ್ತು ಪ್ಯಾನೆಲಿನ ಮೇಲೆ ಬೀಳದಂತೆಯೂ ಎಚ್ಚರ ಬೇಕು, ರಾಸಾಯನಿಕದ ಹಾನಿಗೂ ಸಾಮಾನ್ಯವಾಗಿ ವಾರಂಟಿ ಇಲ್ಲ.

ಉಳಿದವು ನಮ್ಮ ಕೈಯಿಂದಲೇ ಆಗುವಂಥವು. ಜೋರಿನ ಪಂಪಿನಿಂದ ತೊಳೆಯುವುದು, ಖಾರದ ಸೋಪು ಹಾಕಿ ಉಜ್ಜುವುದು, ಪ್ಯಾನೆಲಿನ ಮೇಲೆ ನಡೆಯುವುದು (ಒಳಗೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ), ತಾರಸಿ ರಿಪೇರಿಗೆಂದು ಊರಿನ ಕೆಲಸದವರಿಂದ ಕಳಚಿಸುವುದು, ಹಿಂಬದಿಯ ಕ್ರಮಸಂಖ್ಯೆಯ ಚೀಟಿ ಅಳಿಸುವುದು. ಇದಲ್ಲದೆ ಹೊಸ ಪ್ಯಾನೆಲು ಕೊಟ್ಟರೂ ಸಾಗಾಟದ ಹಾಗೂ ಜೋಡಿಸುವ ಕೂಲಿ ಹಲವು ಬಾರಿ ನಮ್ಮದೇ.

ನಾವು ಮಾಡಬೇಕಾದ್ದು

ಹಣ ಕೊಡುವ ಮೊದಲು ವಾರಂಟಿಯ ಪೂರ್ತಿ ಪ್ರತಿ ತರಿಸಿ, ಇಂಗ್ಲಿಷ್ ಬಲ್ಲ ಮಕ್ಕಳಿಂದ ಓದಿಸಿ ಕೇಳೋಣ. ಬಿಲ್ಲು, ಕ್ರಮಸಂಖ್ಯೆಗಳು, ಜೋಡಿಸಿದ ದಿನದ ಫೋಟೋ ಒಂದೇ ಫೈಲಿನಲ್ಲಿರಲಿ. ಸೂರ್ಯ ಘರ್ ಯೋಜನೆಯಡಿ ಜೋಡಿಸಿದವರು 5 ವರ್ಷ ನಿರ್ವಹಣೆ ಮಾಡಿಕೊಡಬೇಕು. ಅದನ್ನು ಬರಹದಲ್ಲಿ ಪಡೆಯೋಣ. ಅರ್ತಿಂಗ್ ಮತ್ತು ಸಿಡಿಲು ರಕ್ಷಕ ಸರಿಯಿರಲಿ. ವಾರಂಟಿ ಬಿಟ್ಟದ್ದನ್ನು ವಿಮೆ ತುಂಬಬಹುದು. ಮನೆಯ ವಿಮೆಯಲ್ಲಿ ಪ್ಯಾನೆಲನ್ನೂ ಹೆಸರಿಸಿ ಸೇರಿಸಬೇಕು. ಪ್ರತಿ ತಿಂಗಳ ಯೂನಿಟ್ಟು ಬರೆದಿಟ್ಟರೆ ಮುಂದೆ ಅದೇ ಸಾಕ್ಷಿ.

ನ್ಯಾಯವಾಗಿ ಸಿಗಬೇಕಾದ್ದು ಸಿಗದಿದ್ದರೆ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಬಿಸಿಲು ಪುಕ್ಕಟೆ, ಪ್ಯಾನೆಲು ಪುಕ್ಕಟೆಯಲ್ಲ. ಸಹಿ ಹಾಕುವ ಮುಂಚೆ ಒಂದು ಸಂಜೆ ಕುಟುಂಬದವರೆಲ್ಲ ಕೂತು ಆ ಸಣ್ಣಕ್ಷರಗಳನ್ನು ಓದಿದರೆ ನಷ್ಟವೇನಿಲ್ಲ.