ಟರ್ನರನ ಒಂದು ನೌಕಾಚಿತ್ರ: ಅದನ್ನು ನೋಡುವ ಬಗೆ

ಆಂಗ್ಲ ಚಿತ್ರಕಾರರಲ್ಲಿ ಜೋಸೆಫ್ ಮ್ಯಾಲರ್ಡ್ ವಿಲಿಯಂ ಟರ್ನರನ (1775–1851) ಹೆಸರು ಚಿರಸ್ಥಾಯಿಯಾದುದು. 1818ರಲ್ಲಿ ಅವನು ರಚಿಸಿದ ‘ಸಾಮಗ್ರಿ ತುಂಬಿಕೊಳ್ಳುತ್ತಿರುವ ಪ್ರಥಮ ಶ್ರೇಣಿಯ ಯುದ್ಧನೌಕೆ’ ಎಂಬ ಜಲವರ್ಣ ಚಿತ್ರವು ಬೆಡ್‌ಫರ್ಡ್ ನಗರದ ಹಿಗಿನ್ಸ್ ಸಂಗ್ರಹಾಲಯದಲ್ಲಿದೆ. ಅದರ ಎತ್ತರ ಸುಮಾರು 29 ಸೆಂಟಿಮೀಟರ್, ಅಗಲ 40. ಆದರೂ ನೋಡುವವರಿಗೆ ಅದೊಂದು ತೇಲುವ ಕೋಟೆಯಂತೆ ಭಾಸವಾಗುತ್ತದೆ. ಇದು ಹೇಗೆ ಸಾಧ್ಯವಾಯಿತು?

ಟರ್ನರನು ಆಗ ಯಾರ್ಕ್‌ಷೈರಿನ ಫಾರ್ನ್ಲಿ ಹಾಲಿನಲ್ಲಿ, ತನ್ನ ಆಪ್ತ ಪೋಷಕ ವಾಲ್ಟರ್ ಫಾಕ್ಸನ ಅತಿಥಿಯಾಗಿದ್ದನು. ಯುದ್ಧನೌಕೆಯ ಗಾತ್ರ ಎಷ್ಟೆಂಬುದು ಮನಗಾಣುವಂಥ ಚಿತ್ರವೊಂದನ್ನು ಬರೆದುಕೊಡೆಂದು ಬೆಳಗಿನ ಉಪಾಹಾರದ ವೇಳೆ ಕೋರಿಕೆ ಬಂದಿತು. ಪಕ್ಕದಲ್ಲಿ ಕುಳಿತು ನೋಡಿದವನು ಫಾಕ್ಸನ ಮಗ ಹಾಕ್ಸ್‌ವರ್ತ್. ಟರ್ನರನು ಕಾಗದವು ತೊಯ್ಯುವಂತೆ ಬಣ್ಣ ಸುರಿದು, ಕೆರೆದು, ಉಜ್ಜಿ, ಮಧ್ಯಾಹ್ನದ ಊಟದ ಹೊತ್ತಿಗೆ ಚಿತ್ರವನ್ನು ಮುಗಿಸಿದನೆಂದು ಆ ಮನೆತನದವರು ಹೇಳುತ್ತಾ ಬಂದಿದ್ದಾರೆ.

ಪ್ರಥಮ ಶ್ರೇಣಿಯ ನೌಕೆಯೆಂದರೆ ಮೂರು ಅಂತಸ್ತುಗಳಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಫಿರಂಗಿಗಳನ್ನು ಹೊತ್ತ ಹಡಗು. ಅದರಲ್ಲಿ ಎಂಟುನೂರರಷ್ಟು ಜನರಿರುತ್ತಿದ್ದರು. ಇಂಥದನ್ನು ಪೂರ್ಣವಾಗಿ ಚಿತ್ರಿಸಿದ್ದರೆ ಅದು ಕಾಗದದ ಅಳತೆಗೆ ಕುಗ್ಗಿಬಿಡುತ್ತಿತ್ತು. ಆದ್ದರಿಂದ ಟರ್ನರನು ಹಾಯಿಕಂಬಗಳ ತುದಿಯನ್ನು ಚಿತ್ರದ ಅಂಚಿನಾಚೆಗೆ ಬಿಟ್ಟನು; ಉಳಿದುದನ್ನು ನಮ್ಮ ಕಲ್ಪನೆ ತುಂಬಿಕೊಳ್ಳುತ್ತದೆ. ನೋಟದ ನೆಲೆಯನ್ನು ನೀರಿನ ಮಟ್ಟಕ್ಕೆ ಇಳಿಸಿದನು. ದೋಣಿಯಲ್ಲಿ ಕುಳಿತು ತಲೆಯೆತ್ತಿ ನೋಡಿದ ಅನುಭವ ನಮಗಾಗುತ್ತದೆ. ಹಡಗಿನ ಮಗ್ಗುಲಲ್ಲಿ ಅಲೆಗಳ ಮೇಲೆ ಹೊಯ್ದಾಡುವ ಕಿರುದೋಣಿಗಳನ್ನಿರಿಸಿದನು. ಅವುಗಳೇ ಇಲ್ಲಿನ ಅಳತೆಗೋಲು.

ಫಾರ್ನ್ಲಿಯಲ್ಲಿ ಕಡಲಿಲ್ಲ. ಎದುರಿಗೆ ಹಡಗೂ ಇರಲಿಲ್ಲ. ಹಾಗಿದ್ದರೂ ಫಿರಂಗಿಯ ಕಿಂಡಿಗಳ ಸಾಲು ತಪ್ಪಿಲ್ಲ. ಟ್ರಫಾಲ್ಗರ್ ಕದನದಿಂದ 1805ರ ಡಿಸೆಂಬರಿನಲ್ಲಿ ಮರಳಿದ ‘ವಿಕ್ಟರಿ’ ನೌಕೆಯನ್ನು ಟರ್ನರನು ತಾನೇ ಹೋಗಿ ಕಂಡು, ರೇಖಾಚಿತ್ರಗಳಲ್ಲಿ ಗುರುತಿಸಿಕೊಂಡಿದ್ದನು. ಒಂದು ಮುಂಜಾನೆಯ ಕೈಚಳಕವೆಂದು ತೋರುವುದರ ಹಿಂದೆ ಹಲವು ವರ್ಷಗಳ ನಿಷ್ಠೆಯ ಅಭ್ಯಾಸವಿದೆ. ಇದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಇನ್ನೊಂದು ಅರ್ಥವೂ ಇಲ್ಲಿದೆ. ಈ ಚಿತ್ರದಲ್ಲಿ ಯುದ್ಧವಿಲ್ಲ, ಹೊಗೆಯಿಲ್ಲ. ನೂರು ಫಿರಂಗಿಗಳ ಆ ದೈತ್ಯನೌಕೆಯು ತನಗೆ ಬೇಕಾದ ಸಾಮಗ್ರಿಗಾಗಿ ಸಣ್ಣ ದೋಣಿಗಳನ್ನು ನೆಚ್ಚಿ ನಿಂತಿದೆ. ಹಿರಿದರ ಹಿರಿಮೆಯನ್ನು ತೋರಿಸುವುದೂ ಕಿರಿದೇ, ಅದನ್ನು ಪೊರೆಯುವುದೂ ಕಿರಿದೇ ಎಂಬುದನ್ನು ಅಂಗೈಯಗಲದ ಆ ದೋಣಿಗಳು ತಿಳಿಸಿಕೊಡುತ್ತವೆ.