ಸರಳೆ ಹೇಳಿಕೊಡುವವರು

ಮಗುವನ್ನು ಸಂಗೀತಕ್ಕೆ ಸೇರಿಸಲು ಹೊರಟ ಮನೆಯವರು ಮೊದಲು ವಿಚಾರಿಸುವುದು ಮೇಷ್ಟ್ರು ವಿದ್ವತ್ ಪಾಸಾಗಿದ್ದಾರೆಯೇ, ಎಲ್ಲೆಲ್ಲಿ ಕಚೇರಿ ಮಾಡಿದ್ದಾರೆ ಎಂದು. ವಿಚಾರಿಸಲಿ, ತಪ್ಪಿಲ್ಲ. ಆದರೆ ಚೆನ್ನಾಗಿ ಹಾಡುವವರೆಲ್ಲ ಏಳು ವರ್ಷದ ಮಗುವಿನ ದನಿಯನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ ಎಂದೇನಿಲ್ಲ. ನನ್ನನ್ನು ಕೇಳಿದರೆ, ಮಕ್ಕಳ ಮೇಷ್ಟ್ರ ಕಂಠಕ್ಕಿಂತ ಮೊದಲು ಕಿವಿಯನ್ನು ಪರೀಕ್ಷಿಸಬೇಕು.

ಈ ಪರೀಕ್ಷೆ ಮಾಡಲು ನಿಮಗೆ ಸಂಗೀತ ಬರಬೇಕಾಗಿಲ್ಲ. ಪಾಠ ನಡೆಯುವಾಗ ಒಂದು ದಿನ ಮೂಲೆಯಲ್ಲಿ ಕೂತು, ಶ್ರುತಿ ಹೇಗೆ ಇಡುತ್ತಾರೆಂದು ನೋಡಿ. ಹೆಂಗಸರು ಸಾಮಾನ್ಯವಾಗಿ ಹಾಡುವುದು ಐದು, ಐದೂವರೆ ಮನೆಯ ಆಸುಪಾಸಿನಲ್ಲಿ. ಆ ಷಡ್ಜ ಎಷ್ಟೋ ಚಿಕ್ಕ ಮಕ್ಕಳಿಗೆ ತೀರ ತಗ್ಗು. ಸ, ರಿ ಹೇಳುವಾಗಲೇ ದನಿ ಹೂತುಹೋಗುತ್ತದೆ. ಇನ್ನು ಮೇಷ್ಟ್ರು ಗಂಡಸರಾದರೆ, ಮಗು ಅವರಿಗಿಂತ ಒಂದು ಸ್ಥಾಯಿ ಮೇಲೆ ಹಾಡಬೇಕು. ಅದನ್ನು ತೋರಿಸಿಕೊಡದಿದ್ದರೆ ಕೆಲವು ಹುಡುಗರು ಅವರ ದಪ್ಪ ದನಿಯನ್ನೇ ಅನುಕರಿಸಹೋಗಿ ಗಂಟಲು ಬಿಗಿದುಕೊಳ್ಳುತ್ತಾರೆ. ಬಲ್ಲವರು ಮಗುವಿನಿಂದ ಕೆಳಗಿನ ಷಡ್ಜ, ಮೇಲಿನ ಷಡ್ಜ ಎರಡನ್ನೂ ಹಾಡಿಸಿ, ಎರಡೂ ಸಲೀಸಾಗಿ ಎಟುಕುವ ಮನೆಗೆ ಶ್ರುತಿ ಇಡುತ್ತಾರೆ. ಹತ್ತು ಮಕ್ಕಳ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಶ್ರುತಿ ಆಗದ ಮಾತು. ಆದರೂ ಅದು ಹೆಚ್ಚಿನ ಮಕ್ಕಳಿಗೆ ಒಗ್ಗುವ ಶ್ರುತಿಯೇ, ಮೇಷ್ಟ್ರಿಗೆ ಒಗ್ಗುವ ಶ್ರುತಿಯೇ ಎನ್ನುವುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹುಡುಗರ ದನಿ ಒಡೆಯುವ ವಯಸ್ಸಿನಲ್ಲಿ ಶ್ರುತಿ ಇಳಿಸಿ, ಹಾಡುವ ಹೊರೆ ತಗ್ಗಿಸಿ, ತಾಳ ಮತ್ತು ಸ್ವರಜ್ಞಾನದ ಕಡೆ ಪಾಠ ತಿರುಗಿಸುವವರು ಸಿಕ್ಕರೆ ಬಿಡಬೇಡಿ. ಎಷ್ಟೋ ಹುಡುಗರು ಸಂಗೀತ ಬಿಡುವುದು ಈ ಘಟ್ಟದಲ್ಲೇ.

ಎರಡನೆಯದಾಗಿ, ತಪ್ಪಿದಾಗ ಏನು ಮಾಡುತ್ತಾರೆ ನೋಡಿ. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುವ ಕರ್ನಾಟಕ ಸಂಗೀತದ ಮೊದಲ ಪಾಠ ಶುರುವಾಗುವುದು 15ನೇ ಮೇಳವಾದ ಮಾಯಾಮಾಳವಗೌಳದಲ್ಲಿ. ಇದರಲ್ಲಿ ರಿ ಷಡ್ಜಕ್ಕೆ ಅಂಟಿಕೊಂಡಿದೆ, ಗ ಮಧ್ಯಮಕ್ಕೆ ಅಂಟಿಕೊಂಡಿದೆ, ನಡುವೆ ದೊಡ್ಡ ಅಂತರ. ಮೇಲಿನ ಪ ದ ನಿ ಸ ಕೂಡ ಇದೇ ಅಳತೆಯದು. ಈ ಜೋಡಣೆ ಅರಿತವರು, ಮಗು ಧೈವತದಲ್ಲಿ ಎಡವಿದರೆ ಮತ್ತೆ ಸ ರಿ ಗ ಮ ಹಾಡಿಸಿ, ಅದೇ ನಡೆಯನ್ನು ಪಂಚಮದಿಂದ ಹಾಡು ಎನ್ನುತ್ತಾರೆ. ಮಗುವಿಗೆ ತನ್ನ ತಪ್ಪು ತಾನೇ ಕೇಳಿಸುತ್ತದೆ. ಅರಿಯದವರಿಗೆ ಇರುವುದು ಒಂದೇ ಮಾತು: ‘ಇನ್ನೊಂದ್ಸಲ ಹಾಡು’.

ಪುನರಾವರ್ತನೆ ಬೇಡವೆಂದಲ್ಲ. ಕುಂದಗೋಳದ ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್ಲರಿಗೆ ಕೆಲವೇ ರಾಗಗಳನ್ನು ಬಹುಕಾಲ ತಿದ್ದಿ ತೀಡಿ ಕಲಿಸಿದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ಹೊತ್ತಿಗಾಗಲೇ ಗಂಗೂಬಾಯಿಯವರಿಗೆ ತಾಯಿ ಅಂಬಾಬಾಯಿಯವರ ಹಾಡು ಕೇಳಿ ಬೆಳೆದ ಕಿವಿಯಿತ್ತು, ಕೃಷ್ಣಾಚಾರ್ಯ ಹುಲಗೂರರ ಪಾಠವಾಗಿತ್ತು. ಆ ಕಟ್ಟುನಿಟ್ಟನ್ನು ಎರಡನೇ ಕ್ಲಾಸಿನ ಮಗುವಿನ ಮೇಲೆ ಹೇರುವವರು ಗುರುಪರಂಪರೆಯ ಹೆಸರಿನಲ್ಲಿ ಬರೀ ಸಿಡುಕುತ್ತಿರಬಹುದು. ಪುಟ್ಟ ಮಕ್ಕಳಿಗೆ ಅದೇ ಜಂಟಿ ವರಿಸೆಯನ್ನು ಒಮ್ಮೆ ಅಕಾರದಲ್ಲಿ, ಒಮ್ಮೆ ಎರಡನೇ ಕಾಲದಲ್ಲಿ, ಒಮ್ಮೆ ಸಾಲಿಗೊಬ್ಬರಂತೆ ಹಾಡಿಸಿದರೆ ಬೇಸರವೂ ಇಲ್ಲ, ಅಭ್ಯಾಸವೂ ತಪ್ಪುವುದಿಲ್ಲ.

ಪೂರ್ತಿ ಪಾಠ ಹಾರ್ಮೋನಿಯಂ ಒತ್ತುತ್ತಲೇ ಮುಗಿಸುವವರ ಬಗ್ಗೆ ನನಗೆ ಅನುಮಾನ. ಮಗು ಪೆಟ್ಟಿಗೆಯ ಸ್ವರಕ್ಕೆ ಜೋತುಬೀಳುತ್ತದೆ, ಗಮಕವಂತೂ ಅದರಲ್ಲಿ ನುಡಿಯುವುದೇ ಇಲ್ಲ. ಅಲಂಕಾರ ಪಕ್ಕಾ ಆಗುವ ಮೊದಲೇ ಜೂನಿಯರ್ ಪರೀಕ್ಷೆಗೆ ಕಟ್ಟಿಸುವವರಿಂದಲೂ ದೂರವಿರಿ.

ಹೊರದೇಶದ ಕನ್ನಡ ಮನೆಗಳಲ್ಲಿ ಈಗ ಆನ್‌ಲೈನ್ ಪಾಠವೇ ಹೆಚ್ಚು. ಅಲ್ಲಿ ದನಿ ಒಂದು ಚೂರು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ಹಾಡಲಾಗದು. ಅನುಭವವಿರುವವರು ಶ್ರುತಿಪೆಟ್ಟಿಗೆಯನ್ನು ಮಗುವಿನ ಕಡೆಯೇ ಇಡಿಸಿ, ತಾವು ಒಂದು ಸಾಲು ಹಾಡಿ ಸುಮ್ಮನಾಗಿ, ಮಗು ಒಂಟಿಯಾಗಿ ಹಾಡಿದ್ದನ್ನು ಪೂರ್ತಿ ಕೇಳಿಯೇ ತಿದ್ದುತ್ತಾರೆ.