ಕಿತ್ತಳೆಯಿಲ್ಲದ ಕಿತ್ತಳೆ ಬಿಸ್ಕತ್ತು

ಸಂಜೆ ಶಾಲೆ ಬಿಡುವ ಹೊತ್ತಿಗೆ ಯಾವುದಾದರೂ ಬಡಾವಣೆಯ ಚಿಲ್ಲರೆ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ಬೆನ್ನಿಗೆ ಚೀಲ ಹೊತ್ತ ಮಗು, ಅದರ ಕೈ ಹಿಡಿದ ತಾಯಿ. ಮಗು ಚಾಕೊಲೇಟಿನ ಡಬ್ಬಿಯತ್ತ ಬೆರಳು ತೋರಿಸುತ್ತದೆ. ‘ಅದು ಬೇಡ, ಹಲ್ಲು ಹಾಳಾಗುತ್ತೆ. ಬೇಕಾದರೆ ಬಿಸ್ಕತ್ತು ತಗೋ’ ಎನ್ನುತ್ತಾರೆ ತಾಯಿ. ಮಗು ಕಿತ್ತಳೆಯ ಚಿತ್ರವಿರುವ ಪೊಟ್ಟಣ ಆರಿಸುತ್ತದೆ. ಇಬ್ಬರಿಗೂ ಸಮಾಧಾನ. ಮನೆ ತಲುಪುವ ಮೊದಲೇ ಜೋಡಿ ಬಿಲ್ಲೆಗಳು ಬೇರೆಯಾಗಿ, ನಡುವಿನ ಕ್ರೀಮು ಮಗುವಿನ ನಾಲಿಗೆ ಸೇರಿರುತ್ತದೆ.

ತಾಯಿಯ ಮಾತಿನ ಹಿಂದೆ ಒಂದು ನಂಬಿಕೆ ಇದೆ. ಚಾಕೊಲೇಟು ಸಿಹಿತಿಂಡಿ, ಬಿಸ್ಕತ್ತು ಆಹಾರ. ಹಣ್ಣಿನದಾದರೆ ಇನ್ನೂ ಒಳ್ಳೆಯದು ಎಂಬ ನಂಬಿಕೆ ಅದು. ಕಿತ್ತಳೆ, ಅನಾನಸು, ಮಾವು, ಸ್ಟ್ರಾಬೆರಿ ಎಂದು ಬಗೆಬಗೆಯ ಹೆಸರು ಹೊತ್ತು ಬರುವ ಈ ಕ್ರೀಂ ಬಿಸ್ಕತ್ತುಗಳಿಗೆ ಆ ನಂಬಿಕೆ ಎಲ್ಲಿಂದ ಬಂತು? ಅವುಗಳೊಳಗೆ ನಿಜವಾಗಿ ಏನಿದೆ?

ಮೊದಲು ಹೆಸರಿನ ಕಥೆ. ‘ಬಿಸ್ಕತ್ತು’ ಎಂಬುದರ ಮೂಲ ಲ್ಯಾಟಿನ್ ಭಾಷೆಯದು. ‘ಎರಡು ಸಲ ಬೇಯಿಸಿದ್ದು’ ಎಂದು ಅದರ ಅರ್ಥ. ಯುರೋಪಿನ ನಾವಿಕರು ತಿಂಗಳುಗಟ್ಟಲೆ ಸಮುದ್ರದಲ್ಲಿರುವಾಗ ಕೆಡದೆ ಉಳಿಯಲೆಂದು ಹಿಟ್ಟು, ನೀರು, ಉಪ್ಪು ಕಲಸಿ ಕಲ್ಲಿನಂತೆ ಗಟ್ಟಿಯಾಗಿ ಸುಡುತ್ತಿದ್ದ ರೊಟ್ಟಿ ಅದು. ಅದರಲ್ಲಿ ಸಕ್ಕರೆಯೂ ಇರಲಿಲ್ಲ, ಕ್ರೀಮೂ ಇರಲಿಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳು ಬಿಸ್ಕತ್ತನ್ನು ಯಂತ್ರದಲ್ಲಿ ತಯಾರಿಸಿ, ತಗಡಿನ ಡಬ್ಬಿಗಳಲ್ಲಿ ತುಂಬಿ ಲೋಕಕ್ಕೆಲ್ಲ ಕಳಿಸತೊಡಗಿದವು. ಆಳುವವರ ಜೊತೆಗೆ ಆ ಡಬ್ಬಿಗಳು ಭಾರತಕ್ಕೂ ಬಂದವು. ಕಲ್ಕತ್ತೆಯಲ್ಲಿ 1892ರಲ್ಲಿ ಆರಂಭವಾದ ಚಿಕ್ಕ ಉದ್ಯಮವೇ ಮುಂದೆ ಬ್ರಿಟಾನಿಯ ಆಯಿತು. ಮುಂಬಯಿಯ ವಿಲೆ ಪಾರ್ಲೆಯಲ್ಲಿ 1929ರಲ್ಲಿ ಹುಟ್ಟಿದ ಪಾರ್ಲೆ ಸಂಸ್ಥೆ ಮೊದಲು ಮಿಠಾಯಿ ಮಾಡಿ, ಹತ್ತು ವರ್ಷಗಳ ನಂತರ ಬಿಸ್ಕತ್ತಿಗೆ ಕೈ ಹಾಕಿತು.

ಆರಂಭದಲ್ಲಿ ನಮ್ಮ ಮಡಿವಂತ ಮನೆಗಳು ಬಿಸ್ಕತ್ತನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಯಾರು ಕಲಸಿದರೋ, ಏನು ಹಾಕಿದರೋ ಎಂಬ ಅನುಮಾನ. ಈ ಅನುಮಾನವನ್ನು ನಿವಾರಿಸಲೆಂದೇ 19ನೇ ಶತಮಾನದ ಕೊನೆಯಲ್ಲಿ ದೆಹಲಿಯಲ್ಲಿ ‘ಹಿಂದೂ ಬಿಸ್ಕತ್ತು ಕಂಪೆನಿ’ ಎಂಬ ಹೆಸರಿನ ಕಾರ್ಖಾನೆಯೇ ಶುರುವಾಗಿತ್ತು. ಅಂಥ ಬಾಗಿಲನ್ನು ಬಿಸ್ಕತ್ತು ದಾಟಿದ್ದರಲ್ಲಿ ರೋಗಿಗಳ ಪಾಲು ದೊಡ್ಡದು. ಜ್ವರ ಬಂದವರಿಗೆ ಅನ್ನ ಬೇಡ, ಬ್ರೆಡ್ಡು–ಬಿಸ್ಕತ್ತು ಕೊಡಿ ಎಂಬ ಸಲಹೆ ಮನೆಮನೆಯ ಮಾತಾಯಿತು. ಆಸ್ಪತ್ರೆಗೆ ಹೋಗುವಾಗ ಬಿಸ್ಕತ್ತಿನ ಪೊಟ್ಟಣ ಒಯ್ಯುವುದು ರೂಢಿಯಾಯಿತು. ಗ್ಲೂಕೋಸ್ ಬಿಸ್ಕತ್ತಿನ ಜಾಹೀರಾತುಗಳು ‘ಶಕ್ತಿ’ ಎಂಬ ಪದವನ್ನು ಅದಕ್ಕೆ ಅಂಟಿಸಿದವು. ಸುಲಭವಾಗಿ ಅರಗುತ್ತದೆ, ಶುಚಿಯಾದದ್ದು, ಬಲ ಕೊಡುತ್ತದೆ ಎಂದು ಬಿಸ್ಕತ್ತು ಸಂಪಾದಿಸಿದ ಮೊದಲ ಒಳ್ಳೆಯ ಹೆಸರು ಇದು. ಸಾದಾ ಬಿಸ್ಕತ್ತು ದುಡಿದು ಗಳಿಸಿದ ಈ ಹೆಸರನ್ನೇ ಮುಂದೆ ಕ್ರೀಂ ಬಿಸ್ಕತ್ತು ಅನುಭವಿಸತೊಡಗಿತು.

ಎರಡು ಬಿಲ್ಲೆಗಳ ನಡುವೆ ಸಿಹಿ ಮೆತ್ತುವ ಪದ್ಧತಿ 20ನೇ ಶತಮಾನದ ಆದಿಯಲ್ಲಿ ಜನಪ್ರಿಯವಾಯಿತು. ಇಂದಿಗೂ ನಮ್ಮ ಅಂಗಡಿಗಳಲ್ಲಿ ಸಿಗುವ ಬೌರ್ಬನ್ ಬಿಸ್ಕತ್ತನ್ನು ಲಂಡನ್ನಿನ ಪೀಕ್ ಫ್ರೀನ್ ಕಂಪೆನಿ 1910ರಲ್ಲಿ ಹೊರತಂದಿತು. ಅಮೆರಿಕದಲ್ಲಿ ಓರಿಯೊ ಬಂದದ್ದು 1912ರಲ್ಲಿ. ಮೊದಲ ವರ್ಷವೇ ಅದರಲ್ಲಿ ನಿಂಬೆ ಸ್ವಾದದ್ದೂ ಒಂದಿತ್ತು ಎಂಬುದು ಗಮನಾರ್ಹ. ಹಣ್ಣಿನ ಹೆಸರು ಈ ಬಗೆಯ ಬಿಸ್ಕತ್ತಿಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ನೂರು ವರ್ಷ ಕಳೆದು 2013ರಲ್ಲಿ ಅದೇ ಓರಿಯೊ ಅಮೆರಿಕದಲ್ಲಿ ಕಲ್ಲಂಗಡಿ ಸ್ವಾದದ ಬಿಸ್ಕತ್ತನ್ನೂ ಕೆಲಕಾಲ ಮಾರಿತು.

ಆದರೆ ಹಣ್ಣು ಎಲ್ಲಿ? ಇಲ್ಲಿ ಒಂದು ಸರಳ ವಿಜ್ಞಾನ ಅಡ್ಡ ಬರುತ್ತದೆ. ಕಿತ್ತಳೆಯ ತೊಳೆಯಲ್ಲಿ ಶೇ 85ಕ್ಕೂ ಹೆಚ್ಚು ನೀರು. ಬಿಸ್ಕತ್ತು ಗರಿಗರಿಯಾಗಿ ಉಳಿಯಬೇಕಾದರೆ ಅದರಲ್ಲಿ ನೀರಿನಂಶ ತೀರ ಕಡಿಮೆ ಇರಬೇಕು. ಹಣ್ಣಿನ ರಸವನ್ನು ನಡುವೆ ಮೆತ್ತಿದರೆ ಬಿಲ್ಲೆ ಎರಡೇ ದಿನದಲ್ಲಿ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಹೀಗಾಗಿ ತಿಂಗಳುಗಟ್ಟಲೆ ಅಂಗಡಿಯಲ್ಲಿ ಇರಬೇಕಾದ ಬಿಸ್ಕತ್ತಿನೊಳಗೆ ಹಣ್ಣು ಹಣ್ಣಾಗಿ ಇರುವುದು ಸಾಧ್ಯವೇ ಇಲ್ಲ. ಕೆಲವು ಪೊಟ್ಟಣಗಳಲ್ಲಿ ಒಣಗಿಸಿದ ಹಣ್ಣಿನ ಪುಡಿ ಇರುವುದುಂಟು. ಅದರ ಪ್ರಮಾಣ ಚಿಟಿಕೆಯಷ್ಟು.

ನಡುವಿನ ‘ಕ್ರೀಮು’ ಹಾಲಿನ ಕೆನೆಯಲ್ಲ. ಅದು ಪುಡಿ ಮಾಡಿದ ಸಕ್ಕರೆ ಮತ್ತು ಗಟ್ಟಿ ಜಿಡ್ಡನ್ನು ಸೇರಿಸಿ ನುಣ್ಣಗೆ ಕಡೆದ ಮಿಶ್ರಣ. ಬಾಯಿಯ ಬಿಸಿಗೆ ಕರಗುವಂಥ ಜಿಡ್ಡನ್ನೇ ಆರಿಸುವುದರಿಂದ ನಾಲಿಗೆಯ ಮೇಲೆ ಬೆಣ್ಣೆಯ ಭಾಸವಾಗುತ್ತದೆ. ಇದನ್ನು ಒಲೆಗೆ ಹಾಕುವುದಿಲ್ಲ. ಬೆಂದು ಆರಿದ ಬಿಲ್ಲೆಗಳ ನಡುವೆ ಮೆತ್ತುತ್ತಾರೆ. ಬಿಸಿಗೆ ಹಾರಿಹೋಗುವ ಪರಿಮಳವನ್ನು ಉಳಿಸಿಕೊಳ್ಳಲು ಇದು ಅನುಕೂಲ.

ಆ ಪರಿಮಳದ್ದೇ ಒಂದು ಚರಿತ್ರೆ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಪೇರು, ಅನಾನಸು ಮುಂತಾದ ಹಣ್ಣುಗಳ ವಾಸನೆಯ ಕೃತಕ ಸಾರಗಳನ್ನು ಇಡಲಾಗಿತ್ತು. ಅವು ಯಾವ ತೋಟದಿಂದಲೂ ಬಂದಿರಲಿಲ್ಲ. ಆಮ್ಲ ಮತ್ತು ಆಲ್ಕೊಹಾಲುಗಳು ಕೂಡಿ ಆಗುವ ಎಸ್ಟರ್ ಎಂಬ ಸಂಯುಕ್ತಗಳಾಗಿದ್ದವು. ಈಥೈಲ್ ಬ್ಯುಟಿರೇಟ್ ಅನಾನಸನ್ನು ನೆನಪಿಸಿದರೆ ಐಸೊಅಮೈಲ್ ಅಸಿಟೇಟ್ ಬಾಳೆಹಣ್ಣನ್ನು ನೆನಪಿಸುತ್ತದೆ. ಕಿತ್ತಳೆಯ ವಿಷಯದಲ್ಲಿ ಮಾತ್ರ ಪರಿಮಳ ಹಣ್ಣಿನಿಂದಲೇ ಬರಬಹುದು. ಕೊಡಗಿನ ಕಿತ್ತಳೆ ಸುಲಿಯುವಾಗ ಬೆರಳಿಗೆ ಸಿಡಿಯುವ ಎಣ್ಣೆಯಲ್ಲಿ ಇರುವುದು ಬಹುಪಾಲು ಲಿಮೊನೀನ್ ಎಂಬ ವಸ್ತು. ರಸ ತೆಗೆದ ಮೇಲೆ ಉಳಿಯುವ ಸಿಪ್ಪೆಯಿಂದ ಈ ಎಣ್ಣೆ ದೊರೆಯುತ್ತದೆ. ಅಂದರೆ ಬಿಸ್ಕತ್ತಿಗೆ ಬರುವುದು ಸಿಪ್ಪೆಯ ವಾಸನೆ, ತೊಳೆಯ ಸತ್ವವಲ್ಲ. ಹುಳಿಯೂ ಹಣ್ಣಿನದಲ್ಲ. ಪೊಟ್ಟಣದ ಮೇಲೆ ಕಾಣುವ ಸಿಟ್ರಿಕ್ ಆಮ್ಲವನ್ನು 1919ರಿಂದಲೇ ಕಾರ್ಖಾನೆಗಳು ಸಕ್ಕರೆಯನ್ನು ಒಂದು ಬಗೆಯ ಬೂಸ್ಟಿನಿಂದ ಹುದುಗಿಸಿ ತಯಾರಿಸುತ್ತಿವೆ.

ಇನ್ನು ಬಣ್ಣ. ಕಿತ್ತಳೆ, ಅನಾನಸು ಬಿಸ್ಕತ್ತುಗಳ ಹೊಳಪಿಗೆ ಹಲವು ಕಡೆ ಬಳಕೆಯಾಗುವುದು ಟಾರ್ಟ್ರಜಿನ್ (ಸಂಖ್ಯೆ 102) ಮತ್ತು ಸನ್‌ಸೆಟ್ ಯೆಲ್ಲೊ (ಸಂಖ್ಯೆ 110) ಎಂಬ ಕೃತಕ ಬಣ್ಣಗಳು. ನಮ್ಮಲ್ಲಿ ಇವನ್ನು ನಿಗದಿತ ಮಿತಿಯೊಳಗೆ ಬಳಸಲು ಕಾನೂನಿನ ಒಪ್ಪಿಗೆ ಇದೆ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಕೆಲವು ಬಣ್ಣಗಳ ಮಿಶ್ರಣ ಸೇವಿಸಿದ ಮಕ್ಕಳಲ್ಲಿ ಚಡಪಡಿಕೆ ತುಸು ಹೆಚ್ಚಿದ್ದನ್ನು ವರದಿ ಮಾಡಿದರು. ಈ ಎರಡೂ ಸೇರಿ ಆರು ಬಣ್ಣಗಳಿರುವ ತಿನಿಸಿನ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಗಮನಶಕ್ತಿಗೆ ಬಾಧಕವಾಗಬಹುದು ಎಂಬ ಎಚ್ಚರಿಕೆ ಮುದ್ರಿಸುವುದನ್ನು ಐರೋಪ್ಯ ಒಕ್ಕೂಟ 2010ರಲ್ಲಿ ಕಡ್ಡಾಯ ಮಾಡಿತು.

ಈಗ ಲೆಕ್ಕಕ್ಕೆ ಬರೋಣ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಎರಡು ಪಟ್ಟಿಗಳಿರುತ್ತವೆ. ಮೊದಲನೆಯದು ಒಳಗೆ ಹಾಕಿದ ಪದಾರ್ಥಗಳದ್ದು. ಇದರಲ್ಲಿ ತೂಕ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರಬೇಕೆಂಬುದು ನಿಯಮ. ಸಾಮಾನ್ಯವಾಗಿ ಮೊದಲ ಮೂರು ಸ್ಥಾನ ಮೈದಾ, ಸಕ್ಕರೆ ಮತ್ತು ತಾಳೆ ಎಣ್ಣೆಗೆ. ಹಣ್ಣಿನ ಹೆಸರು ಕಂಡರೆ ಅದು ‘ಸ್ವಾದ’ ಎಂಬ ಪದದ ಜೊತೆಗೆ, ಕೊನೆಯ ಸಾಲಿನಲ್ಲಿ. ಬರೀ ಸ್ವಾದ ಸೇರಿಸಿದ ತಿನಿಸನ್ನು ಹಣ್ಣಿನ ಉತ್ಪನ್ನವೆಂದು ಕರೆಯಬಾರದು, ಇಂಥ ಹಣ್ಣಿನ ‘ಸ್ವಾದವುಳ್ಳದ್ದು’ ಎಂದೇ ಬರೆಯಬೇಕು ಎಂದು 2011ರ ಲೇಬಲ್ ನಿಯಮಗಳು ಹೇಳಿದವು. ಆದರೆ ಹಣ್ಣಿನ ಚಿತ್ರ ದೊಡ್ಡದು, ಆ ಪದ ಚಿಕ್ಕದು. ಓದು ಬಾರದ ಮಗುವಿಗೆ ಚಿತ್ರವೇ ಮಾತು.

ಎರಡನೆಯ ಪಟ್ಟಿ ಪೋಷಕಾಂಶಗಳದ್ದು. ತಯಾರಕರಿಂದ ತಯಾರಕರಿಗೆ ತುಸು ವ್ಯತ್ಯಾಸವಿದ್ದರೂ 100 ಗ್ರಾಂ ಕ್ರೀಂ ಬಿಸ್ಕತ್ತಿನಲ್ಲಿ ಸುಮಾರು 480 ಕಿಲೊ ಕ್ಯಾಲೊರಿ, 35 ಗ್ರಾಂ ಸಕ್ಕರೆ, 20 ಗ್ರಾಂ ಕೊಬ್ಬು, ಐದಾರು ಗ್ರಾಂ ಪ್ರೋಟೀನು ಇರುತ್ತವೆ. ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧ ಪರ್ಯಾಪ್ತ ಕೊಬ್ಬು, ಅಂದರೆ ಹೃದಯಕ್ಕೆ ಹಿತವಲ್ಲದ್ದು. ಮಗು ಒಂದು ಸಲಕ್ಕೆ ಐದು ಜೋಡಿ, ಸುಮಾರು 50 ಗ್ರಾಂ ತಿಂದಿತೆಂದುಕೊಳ್ಳಿ. ಅಲ್ಲಿಗೆ 240 ಕಿಲೊ ಕ್ಯಾಲೊರಿ, 17 ಗ್ರಾಂ ಸಕ್ಕರೆ. ಎಂದರೆ ನಾಲ್ಕು ಟೀ ಚಮಚದಷ್ಟು.

ಸೇರಿಸಿದ ಸಕ್ಕರೆಯಂಥವು ದಿನದ ಒಟ್ಟು ಶಕ್ತಿಯ ಶೇ 10ನ್ನು ಮೀರಬಾರದು, ಶೇ 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿತು. ಐದು ವರ್ಷದ ಮಗುವಿಗೆ ದಿನಕ್ಕೆ ಬೇಕಾಗುವುದು ಸುಮಾರು 1350 ಕಿಲೊ ಕ್ಯಾಲೊರಿ. ಅದರ ಶೇ 5 ಎಂದರೆ 17 ಗ್ರಾಂ ಸಕ್ಕರೆ. ಬೆಳಗಿನ ಹಾಲಿಗೆ ಹಾಕಿದ ಸಕ್ಕರೆ ಲೆಕ್ಕಕ್ಕೆ ಸೇರುವ ಮೊದಲೇ ಬಿಸ್ಕತ್ತೊಂದೇ ಅಷ್ಟನ್ನೂ ತುಂಬಿಬಿಡುತ್ತದೆ.

ಪಕ್ಕದಲ್ಲಿ ನಿಜವಾದ ಕಿತ್ತಳೆಯನ್ನು ಇಟ್ಟು ನೋಡಿ. 100 ಗ್ರಾಂ ತೊಳೆಗಳಲ್ಲಿ 50 ಕಿಲೊ ಕ್ಯಾಲೊರಿಗಿಂತ ಕಡಿಮೆ ಶಕ್ತಿ, 40ರಿಂದ 50 ಮಿಲಿಗ್ರಾಂ ‘ಸಿ’ ಜೀವಸತ್ವ, ಎರಡು ಗ್ರಾಂಗೂ ಮೀರಿ ನಾರು. ಕಿತ್ತಳೆ ಬಿಸ್ಕತ್ತಿನಲ್ಲಿ ‘ಸಿ’ ಜೀವಸತ್ವ ಹುಡುಕಿದರೆ ಸಿಗುವುದು ಬಹುತೇಕ ಸೊನ್ನೆ. ಕೆಲವರು ಕಬ್ಬಿಣ, ಜೀವಸತ್ವಗಳನ್ನು ಬೇರೆಯಾಗಿ ಸೇರಿಸುವುದುಂಟು. ಸೇರಿಸಿದ್ದು ಒಳ್ಳೆಯದೇ, ಆದರೆ ಅದರಿಂದ ಸಕ್ಕರೆ ಕಡಿಮೆಯಾಗುವುದಿಲ್ಲ.

ಒಂದು ಸುಧಾರಣೆಯನ್ನು ಹೇಳಲೇಬೇಕು. ಹಿಂದೆ ಇಂಥ ಕ್ರೀಮಿಗೆ ವನಸ್ಪತಿ ಬಳಸುತ್ತಿದ್ದರು. ಎಣ್ಣೆಯನ್ನು ಅರ್ಧಂಬರ್ಧ ಗಟ್ಟಿಗೊಳಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದ್ರೋಗಕ್ಕೆ ದಾರಿ. ಎಣ್ಣೆ, ಜಿಡ್ಡುಗಳಲ್ಲಿ ಅದು ಶೇ 2ನ್ನು ಮೀರಬಾರದೆಂಬ ಮಿತಿ 2022ರ ಜನವರಿಯಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದಿದೆ.

ಬಿಸ್ಕತ್ತು ಪೌಷ್ಟಿಕವಾಗಲಾರದು ಎಂದೇನೂ ಅಲ್ಲ. 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಅಧಿಕ ಪ್ರೋಟೀನಿನ ಬಿಸ್ಕತ್ತುಗಳನ್ನು ರೂಪಿಸಿದೆ. 2020ರಲ್ಲಿ ಕೊರೊನಾ ರೋಗಿಗಳಿಗಾಗಿ ಅವನ್ನು ದೆಹಲಿಯ ಏಮ್ಸ್ ಆಸ್ಪತ್ರೆಗೂ ಕಳಿಸಿಕೊಟ್ಟಿತ್ತು. ಆದರೆ ಅಂಥ ಬಿಸ್ಕತ್ತಿನ ಗುಣವನ್ನು ಕ್ರೀಂ ಬಿಸ್ಕತ್ತಿಗೆ ಆರೋಪಿಸುವುದು ಸರಿಯಲ್ಲ.

ಹೆಚ್ಚು ಯೋಚಿಸಬೇಕಾದದ್ದು ಪುಟ್ಟ ಮಕ್ಕಳ ಹಸಿವಿನ ಬಗ್ಗೆ. ಮೂರು ವರ್ಷದ ಮಗುವಿನ ಹೊಟ್ಟೆ ಸಣ್ಣದು. ಸಂಜೆ ಆರಕ್ಕೆ ಅರ್ಧ ಪೊಟ್ಟಣ ಖಾಲಿ ಮಾಡಿದ ಮಗು ರಾತ್ರಿ ಅನ್ನ–ಸಾರಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತದೆ. ‘ಏನೂ ತಿನ್ನೋದಿಲ್ಲ, ಬಿಸ್ಕತ್ತಾದರೂ ತಿನ್ನಲಿ’ ಎಂದು ತಾಯಿ ಮತ್ತೆ ಅದನ್ನೇ ಕೊಡುತ್ತಾರೆ. ಹೊಟ್ಟೆ ತುಂಬುತ್ತದೆ, ಆದರೆ ಬೇಳೆ, ಸೊಪ್ಪು, ಮೊಟ್ಟೆ, ಹಣ್ಣುಗಳಿಂದ ಸಿಗಬೇಕಾದದ್ದು ಸಿಗುವುದಿಲ್ಲ. ಬಡ ಮನೆಯಲ್ಲಿ ಈ ನಷ್ಟ ಇನ್ನೂ ದೊಡ್ಡದು. ಸಣ್ಣ ಪೊಟ್ಟಣದ ಬೆಲೆಗೆ ಒಂದೆರಡು ಬಾಳೆಹಣ್ಣು ಅಥವಾ ಒಂದು ಹಿಡಿ ಕಡಲೆಕಾಯಿ ಬರುತ್ತದೆ.

ಹಾಗೆಂದು ಮಗುವಿನ ಕೈಯಿಂದ ಪೊಟ್ಟಣ ಕಸಿಯಬೇಕಿಲ್ಲ. ಹಬ್ಬದ ದಿನ ಹೋಳಿಗೆ ತಿನ್ನುವವರು ನಾವು. ಸಿಹಿಗೆ ನಮ್ಮ ಮನೆಗಳಲ್ಲಿ ಸ್ಥಾನ ಇದ್ದೇ ಇದೆ. ಕ್ರೀಂ ಬಿಸ್ಕತ್ತಿಗೂ ಆ ಸ್ಥಾನವನ್ನೇ ಕೊಟ್ಟರೆ ಸಾಕು. ಊಟದ ಬದಲು ಬೇಡ, ಊಟವಾದ ಮೇಲೆ ಒಂದೋ ಎರಡೋ ಇರಲಿ. ತಿಂದ ಮೇಲೆ ಬಾಯಿ ಮುಕ್ಕಳಿಸಲಿ. ಶಾಲೆಯ ಡಬ್ಬಿಗೆ ಹಣ್ಣು ಹಾಕಬೇಕೆನಿಸಿದ ದಿನ ಹಣ್ಣನ್ನೇ ಹಾಕೋಣ. ಅಂಗಡಿಯ ಮುಂದೆ ನಿಂತ ತಾಯಿ ಚಾಕೊಲೇಟಿಗೆ ಕೇಳಿದ ಪ್ರಶ್ನೆಯನ್ನು ಕಿತ್ತಳೆ ಬಿಸ್ಕತ್ತಿಗೂ ಕೇಳಬೇಕಾಗಿದೆ. ಉತ್ತರ ಪೊಟ್ಟಣದ ಹಿಂಬದಿಯಲ್ಲೇ ಇದೆ.